ಪಟ್ಟಿಯಲ್ಲಿ ಇಲ್ಲದ ಪಾಷಾಣ



ನಮ್ಮ ಬಳಗದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕವಿತೆ, ಪುಸ್ತಕ ಪರಿಚಯ, ಪ್ರವಾಸ ಕಥನ, ಊರಿನ ನೆನಪು ಇವೇ ಬರುತ್ತವೆ. ಈ ಸಲ ಸಂಪಾದಕರ ಅಪ್ಪಣೆ ಪಡೆದು ನೀರಿನ ಕಥೆಯೊಂದನ್ನು ಹೇಳಲು ಹೊರಟಿದ್ದೇವೆ. ಸಾಫ್ಟ್‌ವೇರ್ ಕೂಲಿ ಮಾಡುವ ನಮಗೆ ವೈದ್ಯಶಾಸ್ತ್ರ ಗೊತ್ತಿಲ್ಲ. ಇತಿಹಾಸ ಓದಿದ್ದು ಹತ್ತನೇ ತರಗತಿಯವರೆಗೆ, ಅದೂ ಪರೀಕ್ಷೆಯ ಹಿಂದಿನ ರಾತ್ರಿ. ಹೀಗಿದ್ದೂ ಒಂದು ವರ್ಷದಿಂದ ಬಿಡುವಾದಾಗಲೆಲ್ಲ ಇದೇ ವಿಷಯ ಓದುತ್ತ ಕೂತಿದ್ದಕ್ಕೆ ಕಾರಣ ಪಕ್ಕದ ಮನೆಯ ಅಜ್ಜಿ.

ಎರಡು ಬೇಸಿಗೆಯ ಹಿಂದೆ ಅವರು ಬಾಂಗ್ಲಾದೇಶದ ಫರೀದ್‌ಪುರದ ಕಡೆಯಿಂದ ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಬಂದರು. ಬಂಗಾಳಿ ನಮಗೆ ಬಾರದು, ಇಂಗ್ಲಿಷ್ ಅವರಿಗೆ ಬಾರದು. ಆದರೆ ಬೇಲಿಯ ಆಚೀಚೆ ನಿಂತು ಸೋರೆಕಾಯಿಗೂ ಕೊತ್ತಂಬರಿ ಸೊಪ್ಪಿಗೂ ವಿನಿಮಯ ನಡೆಸಲು ಭಾಷೆ ಬೇಕಾಗಲಿಲ್ಲ. ಒಂದು ಸಂಗತಿ ಮಾತ್ರ ವಿಚಿತ್ರವೆನಿಸುತ್ತಿತ್ತು. ಏನನ್ನು ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಅಜ್ಜಿ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದರು. ಇದೇನಪ್ಪಾ, ಇವರಲ್ಲೂ ಮಡಿಯೇ ಎಂದು ಮನೆಯೊಳಗೆ ನಾವಿಬ್ಬರೂ ನಕ್ಕಿದ್ದೂ ಉಂಟು.

ಒಂದು ದಿನ ಗಾಳಿಗೆ ಸೆರಗು ಜಾರಿ ಅಂಗೈ ಕಂಡಿತು. ಜೋಳದ ಕಾಳು ಹೂತಿಟ್ಟಂತೆ ಗಟ್ಟಿ ಗಟ್ಟಿ ಗಂಟುಗಳು. ಕುತ್ತಿಗೆಯ ಕೆಳಗೆ ಕಪ್ಪು ಬಿಳಿ ಚುಕ್ಕೆಗಳು, ಧೂಳಿನ ಅಂಗಳದ ಮೇಲೆ ನಾಲ್ಕು ಹನಿ ಮಳೆ ಬಿದ್ದು ನಿಂತರೆ ಹೇಗೆ ಕಾಣುತ್ತದೋ ಹಾಗೆ. ಪಾಪ, ಗದ್ದೆ ಕೆಲಸ ಮಾಡಿ ಕೈ ಜಡ್ಡುಗಟ್ಟಿದೆ ಎಂದುಕೊಂಡೆವು. ಸಂಜೆ ಅವರ ಮಗ ಹೇಳಿದರು, ಅದು ಗದ್ದೆಯದಲ್ಲ, ಕೊಳವೆ ಬಾವಿಯ ನೀರಿನದು, ಇಪ್ಪತ್ತು ವರ್ಷ ಕುಡಿದದ್ದು. ಆ ಬಾವಿಯನ್ನು ಹಾಕಿಸಿದವರು ಅಜ್ಜಿಯ ಮಾವ. ಅದಕ್ಕೆ ಮೊದಲು ಮನೆಯವರೆಲ್ಲ ಕುಡಿಯುತ್ತಿದ್ದುದು ಹೊಂಡದ ನೀರು. ಆ ನೀರಿಗೆ ಮನೆಯ ಎರಡು ಮಕ್ಕಳು ವಾಂತಿಭೇದಿಯಾಗಿ ತೀರಿಹೋಗಿದ್ದವಂತೆ. ಬಾವಿ ಬಂದ ಮೇಲೆ ಒಂದು ಮಗುವೂ ಹೋಗಲಿಲ್ಲ ಎಂದು ಅಜ್ಜಿ ಮಗನ ಮೂಲಕ ನಮಗೆ ಹೇಳಿಸಿದರು. ಆ ಬಾವಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ.

ಆ ನೀರಿನಲ್ಲಿದ್ದದ್ದು ಆರ್ಸೆನಿಕ್. ಕನ್ನಡದಲ್ಲಿ ಪಾಷಾಣ ಎಂದರೆ ಕಲ್ಲು, ವಿಷವೂ ಹೌದು. ನಮ್ಮಜ್ಜಿಯ ಬಾಯಲ್ಲಿ ಇಲಿ ಪಾಷಾಣ ದಿನಬಳಕೆಯ ಮಾತಾಗಿತ್ತು. ಹಳೆಯ ವೈದ್ಯರು ಶಂಖಪಾಷಾಣ ಎನ್ನುತ್ತಿದ್ದ ಬಿಳಿ ಪುಡಿ ಇದೇ; ಹಳದಿ ಹರಿದಾಳ, ಕೆಂಪು ಮಣಿಶಿಲೆ ಇದರ ದಾಯಾದಿಗಳು. ಒಮ್ಮೆಗೇ ಹೆಚ್ಚು ಹೊಟ್ಟೆ ಸೇರಿದರೆ ಏನಾಗುತ್ತದೆಂದು ಪತ್ತೇದಾರಿ ಕಾದಂಬರಿ ಓದಿದವರಿಗೆಲ್ಲ ಗೊತ್ತು. ಸ್ವಲ್ಪ ಸ್ವಲ್ಪವೇ, ದಿನವೂ, ವರ್ಷಗಟ್ಟಲೆ ಸೇರಿದರೆ ಏನಾಗುತ್ತದೆ ಎಂಬುದು ಬೇರೆಯೇ ಕಥೆ. ಆ ಕಥೆಯ ಒಂದು ಅಧ್ಯಾಯ ಇದೇ ಇಂಗ್ಲೆಂಡಿನಲ್ಲಿ ನಡೆದಿದೆ.

1786ರಲ್ಲಿ ಥಾಮಸ್ ಫೌಲರ್ ಎಂಬ ಇಂಗ್ಲಿಷ್ ವೈದ್ಯರು ಆರ್ಸೆನಿಕ್ಕಿನ ದ್ರಾವಣವೊಂದನ್ನು ಔಷಧಿಯಾಗಿ ಪ್ರಚಾರಕ್ಕೆ ತಂದರು. ಚಳಿಜ್ವರ, ಉಬ್ಬಸ, ಚರ್ಮರೋಗ, ಎಲ್ಲಕ್ಕೂ ಹನಿ ಲೆಕ್ಕದಲ್ಲಿ ಅದೇ ಮದ್ದು. ನೂರು ವರ್ಷ ಜನ ಅದನ್ನು ಕುಡಿದರು. 1887ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್‌ಸನ್ ಎಂಬ ಶಸ್ತ್ರವೈದ್ಯರು, ಈ ಮದ್ದನ್ನು ಬಹುಕಾಲ ಕುಡಿದವರ ಅಂಗೈ ಅಂಗಾಲುಗಳಲ್ಲಿ ಗಂಟುಗಳೇಳುತ್ತವೆ, ಕೆಲವರಲ್ಲಿ ಅವೇ ಚರ್ಮದ ಕ್ಯಾನ್ಸರ್ ಆಗುತ್ತವೆ ಎಂದು ಬರೆದರು. ಅಂದರೆ ಪಕ್ಕದ ಮನೆಯ ಅಜ್ಜಿಯ ಕೈಯ ವರ್ಣನೆ ಅವರು ಹುಟ್ಟುವುದಕ್ಕೆ ಬಹಳ ಮೊದಲೇ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಇನ್ನು 1900ರ ಮ್ಯಾಂಚೆಸ್ಟರ್. ಆ ವರ್ಷ ಊರಿನ ಬಡವರ ಆಸ್ಪತ್ರೆಗಳಿಗೆ ಕೈಕಾಲು ಜೋಮು ಹಿಡಿದವರು, ನಡೆಯಲಾರದವರು, ಮೈ ಕಪ್ಪಾದವರು ಸಾಲುಗಟ್ಟಿ ಬರತೊಡಗಿದರು. ಬಂದವರಲ್ಲಿ ಹೆಚ್ಚಿನವರು ಬಿಯರ್ ಕುಡಿಯುವ ಕೂಲಿಕಾರರು, ಹೆಂಗಸರೂ ಇದ್ದರು. ವೈದ್ಯರಿಗೆ ರೋಗದ ಹೆಸರು ಹುಡುಕಲು ಕಷ್ಟವಾಗಲಿಲ್ಲ. ಕುಡುಕರಿಗೆ ಬರುವ ನರರೋಗ, ಇನ್ನೇನು! ಕುಡಿತ ಬಿಡು ಎಂದು ಬುದ್ಧಿ ಹೇಳಿ ಕಳಿಸಿದರಾಯಿತು. ಅರ್ನೆಸ್ಟ್ ರೆನಾಲ್ಡ್ಸ್ ಎಂಬ ವೈದ್ಯರಿಗೆ ಮಾತ್ರ ಇದು ಸಮಾಧಾನವಾಗಲಿಲ್ಲ. ಕುಡಿತವೇ ಕಾರಣವಾದರೆ ವಿಸ್ಕಿ, ಬ್ರಾಂದಿ ಕುಡಿಯುವವರಿಗೆ ಇನ್ನೂ ಹೆಚ್ಚಾಗಿ ಬರಬೇಕಿತ್ತಲ್ಲ? ಅವರಿಗೆ ಬಂದಿರಲಿಲ್ಲ. ಅಂಗೈಯ ಗಂಟು, ಮೈಯ ಬಣ್ಣ ನೋಡಿ ಅವರಿಗೆ ಆರ್ಸೆನಿಕ್ ನೆನಪಾಯಿತು. ಬಿಯರ್ ಪರೀಕ್ಷಿಸಿದರು, ಸಿಕ್ಕಿತು. ಬಿಯರಿಗೆ ಬಳಸುವ ಸಕ್ಕರೆಯನ್ನು ತಯಾರಿಸಲು ಗಂಧಕಾಮ್ಲ ಬೇಕು. ಆ ಆಮ್ಲವನ್ನು ಆರ್ಸೆನಿಕ್ ಬೆರೆತ ಪೈರೈಟ್ ಅದಿರಿನಿಂದ ಮಾಡಿದ್ದರು. ಅದಿರಿನಿಂದ ಆಮ್ಲಕ್ಕೆ, ಆಮ್ಲದಿಂದ ಸಕ್ಕರೆಗೆ, ಸಕ್ಕರೆಯಿಂದ ಬಿಯರಿಗೆ. ಆರು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕನಿಷ್ಠ 70 ಜನ ಸತ್ತರು.

ಸರ್ಕಾರ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಿಸಿತು. (ಭೌತಶಾಸ್ತ್ರದ ಪಾಠದಲ್ಲಿ ನಮ್ಮನ್ನು ಕಾಡಿದ ಅದೇ ಕೆಲ್ವಿನ್!) 1903ರ ಅಂತಿಮ ವರದಿಯಲ್ಲಿ, ಪಾನೀಯಗಳಲ್ಲಿ ಗ್ಯಾಲನ್ನಿಗೆ ಒಂದು ಗ್ರೇನಿನ ನೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆರ್ಸೆನಿಕ್ ಇರಕೂಡದು ಎಂದು ಆಯೋಗ ಹೇಳಿತು. ಅದು ಇಂದಿನ ಮಿತಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆದರೂ ಇಷ್ಟಕ್ಕಿಂತ ಹೆಚ್ಚು ಇರಬಾರದು ಎಂದು ಒಂದು ಗೆರೆ ಎಳೆದರಲ್ಲ, ಅದು ದೊಡ್ಡದು. ಗೆರೆ ಎಳೆದ ಮೇಲೆ ಅಳೆಯಲೇಬೇಕಾಗುತ್ತದೆ.

ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ 1958ರಲ್ಲಿ ಲೀಟರಿಗೆ 200 ಮೈಕ್ರೋಗ್ರಾಂ ಎಂದಿತು, 1963ರಲ್ಲಿ 50 ಎಂದಿತು, 1993ರಲ್ಲಿ 10ಕ್ಕೆ ಇಳಿಸಿತು. ಹತ್ತು ಮೈಕ್ರೋಗ್ರಾಂ ಎಂದರೆ ಹತ್ತು ಕೋಟಿ ಪಾಲು ನೀರಿಗೆ ಒಂದು ಪಾಲು. ಕಣ್ಣಿಗೆ ಕಾಣದು, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ವಿಷ ಇನ್ನಷ್ಟು ಮಂದವಾಗುತ್ತದೆ. ನೀರು ಕುದಿಸಿ ಕುಡಿಯಿರಿ ಎಂದು ಜೀವನವಿಡೀ ಕೇಳಿ ಬೆಳೆದ ನಮ್ಮಂಥವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ.

ಒಳಗೆ ಹೋದದ್ದು ಏನು ಮಾಡುತ್ತದೆ? ಪಿತ್ತಜನಕಾಂಗ ಅದರ ರೂಪ ಬದಲಿಸಿ ಮೂತ್ರದ ಮೂಲಕ ಹೊರಹಾಕಲು ಹೆಣಗುತ್ತದೆ. ಬಹುಪಾಲು ಕೆಲವೇ ದಿನಗಳಲ್ಲಿ ಹೋಗುತ್ತದೆ ಕೂಡ. ಆದರೆ ನಾಳೆ ಮತ್ತೆ ಅದೇ ನೀರು. ಕೂದಲು, ಉಗುರುಗಳಲ್ಲಿ ಅಂಶ ಉಳಿಯುತ್ತದೆ. ಅದಕ್ಕೇ ಸಂಶೋಧಕರು ಹಳ್ಳಿಗೆ ಹೋದರೆ ಮೊದಲು ಉಗುರು ಕತ್ತರಿಸಿ ಕೊಡಿ ಎನ್ನುತ್ತಾರೆ. ಐದೋ ಹತ್ತೋ ವರ್ಷವಾದ ಮೇಲೆ ಮೈಮೇಲೆ ಚುಕ್ಕೆಗಳು, ಆಮೇಲೆ ಅಂಗೈ ಅಂಗಾಲಿನ ಗಂಟುಗಳು. ಇನ್ನೂ ತಡವಾಗಿ ಚರ್ಮದ, ಶ್ವಾಸಕೋಶದ, ಮೂತ್ರಕೋಶದ ಕ್ಯಾನ್ಸರ್. ಹೃದಯ, ರಕ್ತನಾಳಗಳೂ ಕೆಡುತ್ತವೆ. ಒಂದೇ ಬಾವಿಯ ನೀರು ಕುಡಿದ ಅಣ್ಣನಿಗೆ ಬಂದದ್ದು ತಮ್ಮನಿಗೆ ಬರದೇ ಇರಬಹುದು. ಹೊಟ್ಟೆಗೆ ಸರಿಯಾಗಿ ಇಲ್ಲದವರನ್ನು ಹೆಚ್ಚು ಕಾಡುತ್ತದೆ. ಇದನ್ನು ವಾಸಿ ಮಾಡುತ್ತದೆ ಎಂದು ಸಿದ್ಧವಾದ ಮದ್ದು ಇಲ್ಲ. ಆ ನೀರು ಬಿಡುವುದೊಂದೇ ಚಿಕಿತ್ಸೆ.

ಬಿಟ್ಟ ಮೇಲೂ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದನ್ನು ಚಿಲಿ ದೇಶದ ಆಂಟೊಫಗಾಸ್ಟಾ ನಗರ ತೋರಿಸಿತು. ಮಳೆಯೇ ಇಲ್ಲದ ಆ ಊರಿಗೆ 1958ರಲ್ಲಿ ಬೆಟ್ಟದ ನದಿಗಳಿಂದ ನೀರು ತಂದರು. ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್. 1970ರಲ್ಲಿ ಶುದ್ಧೀಕರಣ ಘಟಕ ಬಂದು ಪ್ರಮಾಣ ಇಳಿಯಿತು. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಂತಿರಲಿಲ್ಲ. ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವುಗಳು ತುತ್ತತುದಿ ಮುಟ್ಟಿದ್ದು 1992-94ರಲ್ಲಿ, ಅದೇ ದೇಶದ ಬೇರೆ ಪ್ರಾಂತ್ಯಕ್ಕಿಂತ ಮೂರೂವರೆ ಪಟ್ಟು. ನೀರು ಸರಿಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ!

ತೈವಾನಿನ ನೈಋತ್ಯ ಕರಾವಳಿಯ ಹಳ್ಳಿಗಳಲ್ಲಿ ಆಳದ ಬಾವಿಗಳ ನೀರು ಕುಡಿದವರ ಕಾಲು ಕಪ್ಪಾಗಿ ಕೊಳೆಯುತ್ತಿತ್ತು. ಕರಿಗಾಲು ರೋಗವೆಂದೇ ಅದಕ್ಕೆ ಹೆಸರು. ತ್ಸೆಂಗ್ ಎಂಬ ವೈದ್ಯರ ತಂಡ ಅಲ್ಲಿ 40,421 ಜನರನ್ನು ಪರೀಕ್ಷಿಸಿ 1968ರಲ್ಲಿ ವರದಿ ಪ್ರಕಟಿಸಿತು. ನೂರಕ್ಕೆ 18 ಜನರಲ್ಲಿ ಮೈಬಣ್ಣದ ಬದಲಾವಣೆ, ಏಳು ಜನರಲ್ಲಿ ಗಂಟುಗಳು, ಸಾವಿರಕ್ಕೆ ಹತ್ತು ಜನರಲ್ಲಿ ಚರ್ಮದ ಕ್ಯಾನ್ಸರ್. ನೀರಿನಲ್ಲಿ ಆರ್ಸೆನಿಕ್ ಹೆಚ್ಚಿದ್ದಷ್ಟೂ ರೋಗ ಹೆಚ್ಚು. ಈ 1968 ಎಂಬ ಇಸವಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಾವಿಯ ನೀರಿನಿಂದ ಇಷ್ಟೆಲ್ಲ ಆಗಬಹುದು ಎಂಬುದು ಆ ಹೊತ್ತಿಗೆ ಅಚ್ಚಿನಲ್ಲಿತ್ತು.

ಈಗ ಬಂಗಾಳಕ್ಕೆ ಹೋಗೋಣ. ಗಂಗೆ, ಬ್ರಹ್ಮಪುತ್ರಗಳು ಹಿಮಾಲಯವನ್ನು ಅರೆದು ತಂದ ಮಣ್ಣಿನ ಮೇಲೆ ಕೂತ ನಾಡು ಅದು. ನೀರಿಗೆ ಬರವಿಲ್ಲ, ಆದರೆ ಕುಡಿಯುವ ನೀರಿಗೆ ಬರ. ಹೊಂಡದಲ್ಲಿ ಎಮ್ಮೆ, ಹೊಂಡದಲ್ಲಿ ಬಟ್ಟೆ, ಹೊಂಡದಲ್ಲೇ ಬಿಂದಿಗೆ. ಕಾಲರಾ, ಆಮಶಂಕೆ, ವಾಂತಿಭೇದಿಗೆ ಮಕ್ಕಳು ತೀರಿಕೊಳ್ಳುವುದು ಅಲ್ಲಿ ಆಗ ಸುದ್ದಿಯೇ ಆಗಿರಲಿಲ್ಲ. 1970ರ ದಶಕದಲ್ಲಿ ಬಾಂಗ್ಲಾದೇಶ ಸರ್ಕಾರ ಮತ್ತು ಯುನಿಸೆಫ್ ಸೇರಿ ಕೈಪಂಪಿನ ಕೊಳವೆ ಬಾವಿಗಳನ್ನು ಹಾಕಿಸತೊಡಗಿದವು. ನಮ್ಮ ಬಯಲುಸೀಮೆಯಲ್ಲಿ ಬೋರು ಕೊರೆಯುವುದೆಂದರೆ ಲಾರಿ ಬರಬೇಕು, ಬಂಡೆ ಸೀಳಬೇಕು, ಊರೆಲ್ಲ ಗಡಗಡ ನಡುಗಬೇಕು, ಕೊನೆಗೆ ಧೂಳೇ ಬಂದರೂ ಬಂತು. ಅಲ್ಲಿ ಹಾಗಲ್ಲ. ಮೆತ್ತನೆಯ ಮಣ್ಣು. ಬಿದಿರಿನ ಅಟ್ಟ ಕಟ್ಟಿ, ಕೊಳವೆಯನ್ನು ಮೇಲೆ ಕೆಳಗೆ ಆಡಿಸುತ್ತ, ಒಬ್ಬ ಮೇಲೆ ಕೂತು ಅಂಗೈಯಿಂದಲೇ ಕೊಳವೆಯ ಬಾಯಿ ಮುಚ್ಚಿ ತೆರೆದು ಕೆಸರು ಹೊರಹಾಕುತ್ತ, ಒಂದೆರಡು ದಿನದಲ್ಲಿ ನೀರು ಬರಿಸುತ್ತಾರೆ. ಸರ್ಕಾರ ಹಾಕಿಸಿದ್ದನ್ನು ಕಂಡು ಜನ ತಮ್ಮ ತಮ್ಮ ಅಂಗಳಗಳಲ್ಲಿ ತಾವೇ ಹಾಕಿಸಿಕೊಂಡರು. ಮಗಳ ಮದುವೆ ಮಾತುಕತೆಯಲ್ಲೂ ಮನೆಯಲ್ಲಿ ಕೈಪಂಪು ಇದೆಯೇ ಎಂದು ಕೇಳುತ್ತಿದ್ದರಂತೆ. ಬಾವಿಗಳ ಸಂಖ್ಯೆ ಹಲವು ದಶಲಕ್ಷ ದಾಟಿತು. ಶಿಶು ಮರಣ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅಜ್ಜಿಯ ಮನೆಯ ಲೆಕ್ಕವನ್ನು ನಾವು ಮೇಲೆ ಹೇಳಿದ್ದೇವೆ. 1997ರಲ್ಲಿ ಯುನಿಸೆಫ್, ಜನಸಂಖ್ಯೆಯ ಶೇ. 80ರಷ್ಟು ಮಂದಿಗೆ ಸುರಕ್ಷಿತ ನೀರು ಕೊಡುವ ಗುರಿಯನ್ನು ಅವಧಿಗೆ ಮೊದಲೇ ದಾಟಿದ್ದೇವೆ ಎಂದು ಹೇಳಿಕೊಂಡಿತು.

ಸುರಕ್ಷಿತ ಎಂದರೆ ರೋಗಾಣು ಇಲ್ಲದ್ದು ಎಂಬ ಅರ್ಥ. ಆ ಅರ್ಥದಲ್ಲಿ ಅದು ನಿಜವೂ ಆಗಿತ್ತು.

ನೆಲದೊಳಗೆ ನಡೆಯುತ್ತಿದ್ದುದು ಬೇರೆ. ಹಿಮಾಲಯದ ಮಣ್ಣಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ತೆಳು ಲೇಪವಿದೆ, ಆ ಲೇಪಕ್ಕೆ ಆರ್ಸೆನಿಕ್ ಅಂಟಿಕೊಂಡಿದೆ. ಗಾಳಿಯಿದ್ದಲ್ಲಿ ಅದು ಅಲ್ಲೇ ಅಂಟಿಕೊಂಡಿರುತ್ತದೆ. ಆದರೆ ಹೂತುಹೋದ ಗಿಡಗಂಟಿಯ ಕೊಳೆತವನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನೆಲ್ಲ ಮುಗಿಸಿದ ಮೇಲೆ ಆ ತುಕ್ಕನ್ನೇ ಬಳಸಿಕೊಳ್ಳುತ್ತವೆ. ತುಕ್ಕು ಕರಗುತ್ತದೆ, ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಹೊಂಡದ ನೀರಿಗೆ ಗಾಳಿ ತಾಗುತ್ತದೆ, ಅಲ್ಲಿ ಈ ಕಾಟ ಕಡಿಮೆ. 150 ಮೀಟರಿಗಿಂತ ಆಳದ ಹಳೆಯ ಪದರಗಳಲ್ಲೂ ಬಹುಮಟ್ಟಿಗೆ ಇಲ್ಲ. ನಡುವಿನ ಪದರದಲ್ಲೇ ಇರುವುದು. ಅಗ್ಗದ ಕೊಳವೆ ಬಾವಿ ತಲುಪುತ್ತಿದ್ದುದೂ ಅದೇ ನಡುವಿನ ಪದರವನ್ನು.

ಮೊದಲು ಗುರುತಿಸಿದವರು ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ನಿನ ಚರ್ಮರೋಗ ತಜ್ಞ ಕೆ. ಸಿ. ಸಾಹಾ, 1980ರ ದಶಕದ ಆರಂಭದಲ್ಲಿ. ಮೊದಲ ರೋಗಿಗಳು ಪಶ್ಚಿಮ ಬಂಗಾಳದವರು. 1987ರ ಹೊತ್ತಿಗೆ ಗಡಿಯಾಚೆಯಿಂದ, ಬಾಂಗ್ಲಾದೇಶದಿಂದಲೂ ರೋಗಿಗಳು ಬಂದಿದ್ದರು. 1988ರಿಂದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಎಂಬ ರಸಾಯನಶಾಸ್ತ್ರಜ್ಞರು ಹಳ್ಳಿ ಹಳ್ಳಿ ಸುತ್ತಿ ನೀರು, ಕೂದಲು, ಉಗುರು ಸಂಗ್ರಹಿಸತೊಡಗಿದರು. ಬಾಂಗ್ಲಾದೇಶದ ಬಾವಿಯೊಂದರಲ್ಲಿ ಆರ್ಸೆನಿಕ್ ಇದೆಯೆಂದು ಅಲ್ಲಿನ ಸರ್ಕಾರಿ ಇಲಾಖೆ ಖಚಿತಪಡಿಸಿದ್ದು 1993ರಲ್ಲಿ, ಚಪಾಯ್ ನವಾಬ್‌ಗಂಜಿನಲ್ಲಿ. ಗಡಿಯೆಂಬ ಗೆರೆ ಭೂಪಟದಲ್ಲಿದೆ, ನೆಲದೊಳಗಿನ ನೀರಿಗೆ ಅದು ಗೊತ್ತಿಲ್ಲ. ಆದರೆ ಕಡತಗಳಿಗೆ ಚೆನ್ನಾಗಿ ಗೊತ್ತಿತ್ತು!

ಈ ನಡುವಿನ ಒಂದು ಘಟನೆಯೇ ನಮ್ಮನ್ನು ಹೆಚ್ಚು ಕಾಡಿದ್ದು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷೆಯವರು, ಬ್ರಿಟಿಷ್ ಸರ್ಕಾರದ ನೆರವಿನ ಯೋಜನೆಯಡಿ, ಬಾಂಗ್ಲಾದೇಶದ ಮಧ್ಯ ಮತ್ತು ಈಶಾನ್ಯ ಭಾಗದ 150 ಕೊಳವೆ ಬಾವಿಗಳ ನೀರನ್ನು ತಂದು ಪರೀಕ್ಷಿಸಿದರು. ಮೀನಿಗೂ ಮನುಷ್ಯರಿಗೂ ಈ ನೀರು ವಿಷವಾಗಬಹುದೇ ಎಂಬುದೂ ಅವರ ಪ್ರಶ್ನೆಗಳಲ್ಲಿ ಒಂದು. ಒಂದೊಂದು ಮಾದರಿಗೂ ಹಲವು ಧಾತುಗಳ ಪ್ರಮಾಣ ಅಳೆದು ಅಚ್ಚುಕಟ್ಟಾದ ಕೋಷ್ಟಕ ತಯಾರಿಸಿದರು. ಆ ಕೋಷ್ಟಕದಲ್ಲಿ ಆರ್ಸೆನಿಕ್ಕಿಗೆ ಅಂಕಣ ಇರಲಿಲ್ಲ.

ಸುಳ್ಳು ಬರೆದರೆಂದಲ್ಲ, ಇದ್ದದ್ದನ್ನು ಮುಚ್ಚಿಟ್ಟರೆಂದೂ ಅಲ್ಲ. ನೋಡಲೇ ಇಲ್ಲ, ಅಷ್ಟೇ. ಆದರೆ ಸಾಫ್ಟ್‌ವೇರ್ ಪರೀಕ್ಷೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನಮಗೆ ಇದು ತೀರಾ ಪರಿಚಿತ ದೃಶ್ಯ. ಇನ್ನೂರು ಟೆಸ್ಟುಗಳ ಪಟ್ಟಿ, ಎಲ್ಲದರ ಮುಂದೂ ಹಸಿರು ಗುರುತು, ಮ್ಯಾನೇಜರಿಗೆ ಸಂತೋಷ. ಪಟ್ಟಿಯಲ್ಲಿ ಇಲ್ಲದ ಇನ್ನೂರ ಒಂದನೆಯದು ಶನಿವಾರ ರಾತ್ರಿ ಎರಡಕ್ಕೆ ಫೋನು ಮಾಡಿ ಎಬ್ಬಿಸುತ್ತದೆ. ಖಾಲಿ ಬಿಟ್ಟ ಅಂಕಣವಾದರೂ ಇದ್ದರೆ, ಇದೇಕೆ ಖಾಲಿ ಎಂದು ಯಾರಾದರೂ ಕೇಳುತ್ತಾರೆ. ಅಂಕಣವೇ ಇಲ್ಲದಿದ್ದರೆ ಕೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಓದುವವನ ಕಣ್ಣಿಗೆ ಅದು ನೀರು ಚೆನ್ನಾಗಿದೆ ಎಂದೇ ಕಾಣುತ್ತದೆ. ನಮ್ಮ ತಪ್ಪಿಗೆ ಒಂದು ವೆಬ್‌ಸೈಟು ಎರಡು ಗಂಟೆ ಮಲಗುತ್ತದೆ, ಬೈಗುಳ ತಿಂದು ಸರಿಪಡಿಸುತ್ತೇವೆ. ಇಲ್ಲಿ ಆ ವರದಿಯಾದ ಮೇಲೂ ಜನ ಅದೇ ನೀರು ಕುಡಿಯುತ್ತ ಹೋದರು.

ಬಾಂಗ್ಲಾದೇಶದ ಹಳ್ಳಿಗರೊಬ್ಬರು ಇದನ್ನು ಹಿಡಿದು ಲಂಡನ್ನಿನ ನ್ಯಾಯಾಲಯಕ್ಕೆ ಬಂದರು. ನೀವು ಆಗಲೇ ನೋಡಿದ್ದರೆ ನಾನು ಆ ನೀರು ಕುಡಿಯುವುದು ತಪ್ಪುತ್ತಿತ್ತು ಎಂಬುದು ಅವರ ವಾದದ ತಿರುಳು. ಮೊಕದ್ದಮೆ ಮೇಲೇರಿ ಹೌಸ್ ಆಫ್ ಲಾರ್ಡ್ಸ್ ತಲುಪಿತು. 2006ರ ಜುಲೈನಲ್ಲಿ ಐವರು ನ್ಯಾಯಾಧೀಶರೂ ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಆ ಸಂಸ್ಥೆಗೆ ಬಾಂಗ್ಲಾದೇಶದ ನೀರು ಸರಬರಾಜಿನ ಮೇಲೆ ಹಿಡಿತವಿರಲಿಲ್ಲ, ಆ ಜನರ ಬಗ್ಗೆ ಕಾನೂನಿನ ಹೊಣೆಯೂ ಇರಲಿಲ್ಲ, ನೀರು ಸುರಕ್ಷಿತ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ ಎಂಬುದು ತೀರ್ಪಿನ ಸಾರಾಂಶ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ ಇರಬಹುದು, ವಾದಿಸಲು ನಮಗೆ ಯೋಗ್ಯತೆಯಿಲ್ಲ. ಅದೇ ಸಂಸ್ಥೆ 1998-99ರಲ್ಲಿ ಬಾಂಗ್ಲಾದೇಶದ ಇಲಾಖೆಯ ಜೊತೆ ಸೇರಿ ದೇಶದಾದ್ಯಂತ 3,534 ಬಾವಿಗಳನ್ನು ಪರೀಕ್ಷಿಸಿ, ಇಂದಿಗೂ ಎಲ್ಲರೂ ಆಧರಿಸುವ ನಕ್ಷೆ ತಯಾರಿಸಿತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈ ಸಲ ಅಂಕಣ ಇತ್ತು. ಆಳ ಕಡಿಮೆಯಿರುವ ಬಾವಿಗಳಲ್ಲಿ ಶೇ. 27ರಲ್ಲಿ 50 ಮೈಕ್ರೋಗ್ರಾಂಗಿಂತ ಹೆಚ್ಚು, ಶೇ. 46ರಲ್ಲಿ 10ಕ್ಕಿಂತ ಹೆಚ್ಚು. ಜನಸಂಖ್ಯೆಯ ಲೆಕ್ಕದಲ್ಲಿ ಸುಮಾರು ಮೂರೂವರೆ ಕೋಟಿ, ಐದೂಮುಕ್ಕಾಲು ಕೋಟಿ. ಕ್ಯಾಲಿಫೋರ್ನಿಯಾದ ಅಲನ್ ಸ್ಮಿತ್ ಮತ್ತು ಸಂಗಡಿಗರು 2000ದಲ್ಲಿ, ಚರಿತ್ರೆಯಲ್ಲೇ ಒಂದು ಜನಸಮುದಾಯಕ್ಕೆ ಆದ ಅತಿ ದೊಡ್ಡ ವಿಷಪ್ರಾಶನ ಇದು ಎಂದು ಬರೆದರು.

ಹಳ್ಳಿಗಳಲ್ಲಿ ಈ ಕಾಯಿಲೆಗೆ ಹೆಸರುಗಳು ಮೊದಲೇ ಸಿದ್ಧವಿದ್ದವು. ಕುಷ್ಠ ಎಂದರು, ಶಾಪ ಎಂದರು, ಅಂಟುರೋಗ ಎಂದರು. ಮ್ಯಾಂಚೆಸ್ಟರಿನಲ್ಲಿ ಕುಡಿತ ಎಂದ ಹಾಗೆ. ಚುಕ್ಕೆ ಬಿದ್ದ ಹುಡುಗಿಗೆ ಮದುವೆಯಿಲ್ಲ, ಮದುವೆಯಾದವಳಾದರೆ ತವರಿಗೆ ಅಟ್ಟಿದರು, ಮಕ್ಕಳನ್ನು ಶಾಲೆಯಲ್ಲಿ ದೂರ ಕೂರಿಸಿದರು. ಅಜ್ಜಿ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುವ ಅಭ್ಯಾಸ ಎಲ್ಲಿಂದ ಬಂತೆಂದು ನಮಗೆ ಆಮೇಲೆ ತಿಳಿಯಿತು. ಮಡಿ ಎಂದು ನಕ್ಕಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಬಣ್ಣ ಬಂತು. 1999ರಿಂದ 2006ರವರೆಗೆ ಸುಮಾರು 50 ಲಕ್ಷ ಬಾವಿಗಳನ್ನು ಸ್ಥಳದಲ್ಲೇ ಪರೀಕ್ಷಿಸಿ, ಸರಿಯಿದ್ದವಕ್ಕೆ ಹಸಿರು, ಕೆಟ್ಟವಕ್ಕೆ ಕೆಂಪು ಬಣ್ಣ ಬಳಿದರು. ಸುಮಾರು 14 ಲಕ್ಷ ಬಾವಿಗಳು ಕೆಂಪಾದವು. ಹತ್ತಾರು ಮೀಟರು ದೂರದಲ್ಲೇ ವ್ಯತ್ಯಾಸವಿರುತ್ತದೆ, ನಿಮ್ಮ ಬಾವಿ ಕೆಂಪು, ನಾದಿನಿಯ ಬಾವಿ ಹಸಿರು. ಆರೈಹಾಜಾರ್ ಎಂಬಲ್ಲಿ 2000ದಿಂದ ಕೊಲಂಬಿಯಾ ವಿಶ್ವವಿದ್ಯಾಲಯದವರು ಸಾವಿರಾರು ಜನರನ್ನು ಹಿಂಬಾಲಿಸಿ ಅಧ್ಯಯನ ನಡೆಸಿದರು. ನಿಮ್ಮ ಬಾವಿ ಕೆಟ್ಟಿದೆ ಎಂದು ಬಿಡಿಸಿ ಹೇಳಿದ ಮೇಲೆ ಒಂದು ವರ್ಷದೊಳಗೆ ನೂರಕ್ಕೆ ಅರವತ್ತು ಮಂದಿ ಬೇರೆ ಬಾವಿಗೆ ಹೋಗತೊಡಗಿದ್ದರು. ಬಿಸಿಲಲ್ಲಿ, ಇನ್ನೊಬ್ಬರ ಅಂಗಳಕ್ಕೆ, ಅವರ ಮುಖ ನೋಡಿಕೊಂಡು, ಕೊಡ ಹೊತ್ತು ಹೋಗುವವರು ಹೆಂಗಸರು. ಅಷ್ಟಾದರೂ ಹೋದರು. ಹಳ್ಳಿಗರು ಹೇಳಿದರೆ ಕೇಳುವುದಿಲ್ಲ ಎನ್ನುವವರಿಗೆ ಈ ಅಂಕಿ ತೋರಿಸಬೇಕು. ಅದೇ ಅಧ್ಯಯನದ 2010ರ ವರದಿ, ಅಲ್ಲಿನ ಸಾವುಗಳಲ್ಲಿ ಶೇ. 21ರಷ್ಟಕ್ಕೆ 10 ಮೈಕ್ರೋಗ್ರಾಂ ಮೀರಿದ ಆರ್ಸೆನಿಕ್ ಕಾರಣವಿರಬಹುದು ಎಂದು ಲೆಕ್ಕ ಹಾಕಿತು. ಐದರಲ್ಲಿ ಒಂದು ಸಾವು.

ಕುಷ್ಟಿಯಾ ಊರಿನವರಾದ, ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಅಬುಲ್ ಹುಸ್ಸಾಮ್ ಎಂಬ ರಸಾಯನಶಾಸ್ತ್ರಜ್ಞರು ಕಬ್ಬಿಣದ ಚೂರು, ಮರಳು, ಇದ್ದಿಲು, ಇಟ್ಟಿಗೆ ಚೂರುಗಳಿಂದ ಬಕೆಟ್ ಸೋಸುಕವೊಂದನ್ನು ಮಾಡಿದರು. 2007ರಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಬಂತು. ಊರು ಬಿಟ್ಟು ಬಂದವರೆಲ್ಲ ಊರಿನ ಬಗ್ಗೆ ಪದ್ಯ ಬರೆದೇ ಸುಮ್ಮನಾಗುವುದಿಲ್ಲ ಎಂದು ನಮಗೆ ನಾವೇ ಚುಚ್ಚಿಕೊಂಡೆವು. ಆದರೂ ಕೆಲಸ ಮುಗಿದಿರಲಿಲ್ಲ. ಬಳಿದ ಬಣ್ಣ ಮಳೆಗೆ ಮಾಸಿತು, ಜನ ಹೊಸ ಬಾವಿಗಳನ್ನು ಕೊರೆಸಿಕೊಂಡರು, ಅವನ್ನು ಯಾರೂ ಪರೀಕ್ಷಿಸಲಿಲ್ಲ. ಸರ್ಕಾರದ ಆಳದ ಬಾವಿಗಳು ಬೇಕಾದಲ್ಲಿಗಿಂತ ಬೇಕಾದವರ ಅಂಗಳಕ್ಕೆ ಹೋದವು ಎಂದು ಹ್ಯೂಮನ್ ರೈಟ್ಸ್ ವಾಚ್ 2016ರಲ್ಲಿ ವರದಿ ಮಾಡಿತು. ಆಗಲೂ ಸುಮಾರು ಎರಡು ಕೋಟಿ ಜನ ಮಿತಿ ಮೀರಿದ ನೀರನ್ನೇ ಕುಡಿಯುತ್ತಿದ್ದರು ಎಂದೂ ಅದು ಹೇಳಿತು.

ನಮ್ಮ ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುತ್ತೀರಿ. ನಾವೂ ಇಲ್ಲವೆಂದೇ ತಿಳಿದಿದ್ದೆವು. ನಮ್ಮ ಕಡೆಯ ನೀರಿನ ಕಾಟ ಫ್ಲೋರೈಡ್. ಪಾವಗಡ, ಮುಂಡರಗಿ, ಕೋಲಾರದ ಹಳ್ಳಿಗಳಲ್ಲಿ ಹಲ್ಲು ಕಂದಾದವರನ್ನು, ಬೆನ್ನು ಬಗ್ಗಿದವರನ್ನು ಕಾಣದವರು ಯಾರು? ಆದರೆ ಯಾದಗಿರಿ ಜಿಲ್ಲೆಯ ಸುರಪುರದ ಕಡೆ, ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಹತ್ತಿರ (ಇದು ಕಡಲ ತೀರದ ಮಂಗಳೂರಲ್ಲ), ಕಿರದಳ್ಳಿ ತಾಂಡಾ ಎಂಬ ಲಂಬಾಣಿ ತಾಂಡಾ ಇದೆ. ಅಲ್ಲಿನ ಜನರ ಮೈಮೇಲೂ ಅದೇ ಮಳೆಹನಿ ಚುಕ್ಕೆ, ಅಂಗೈಯಲ್ಲಿ ಅದೇ ಗಂಟು. ಆ ಪ್ರದೇಶದ 59 ಕೊಳವೆ ಬಾವಿಗಳನ್ನು ಪರೀಕ್ಷಿಸಿದಾಗ ಶೇ. 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಿತ್ತು, ಒಂದರಲ್ಲಿ 303. ತಪಾಸಣೆ ಮಾಡಿದ 181 ಜನರಲ್ಲಿ ಶೇ. 58.6ರಷ್ಟು ಮಂದಿಗೆ ಚರ್ಮದ ಲಕ್ಷಣಗಳಿದ್ದವು. ಇಲ್ಲಿ ಕಾರಣ ಹಿಮಾಲಯದ ಮಣ್ಣಲ್ಲ. ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ ಇರುವ ಕಲ್ಲು ಬರುತ್ತದೆ, ಚಿನ್ನ ಹೋದಲ್ಲಿಗೆ ಹೋಯಿತು, ಪುಡಿಯಾದ ಕಲ್ಲು ಅಲ್ಲೇ ಉಳಿಯಿತು. ಪಾಷಾಣ ಎಂಬ ಮಾತಿನ ಎರಡೂ ಅರ್ಥ ಒಂದೇ ಕಡೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಮೊದಲ ಹೆಸರು ಯಾರದೆಂದು ನೋಡಿದರೆ, ಅದೇ ಜಾದವಪುರದ ದೀಪಂಕರ ಚಕ್ರವರ್ತಿಯವರದು. ಇಪ್ಪತ್ತೈದು ವರ್ಷ ಬಂಗಾಳ ಸುತ್ತಿದ ಮನುಷ್ಯ ನಮ್ಮ ಯಾದಗಿರಿಗೂ ಬಂದು ಉಗುರು ಕೂದಲು ಎಣಿಸಿದ್ದರು. 2018ರಲ್ಲಿ ಅವರು ತೀರಿಕೊಂಡರು.

ಅಜ್ಜಿ ಕಳೆದ ವರ್ಷ ಊರಿಗೆ ಹಿಂತಿರುಗಿದರು. ಈಗ ಅವರ ಮನೆಯವರು ಮಸೀದಿಯ ಹಿಂದಿರುವ ಆಳದ ಬಾವಿಯ ನೀರು ತರುತ್ತಾರೆ. ಹಳೆಯ ಕೈಪಂಪು ಅಂಗಳದಲ್ಲೇ ಇದೆ, ಪಾತ್ರೆ ತೊಳೆಯುವುದಕ್ಕೆ. ಹೊರಡುವ ಮುನ್ನ ಬೇಲಿಯ ಬಳಿ ನಿಂತು ಮಗನ ಮೂಲಕ ಒಂದು ಮಾತು ಕೇಳಿದರು. ನಿಮ್ಮ ಊರಲ್ಲೂ ಬೋರಿಂಗ್ ನೀರೇ ಅಲ್ಲವೇ, ನೋಡಿಸಿದ್ದೀರಾ?

ನೋಡಿಸಿದ್ದೇವೆ ಎಂದು ಹೇಳಿದೆವು. ಆ ರಾತ್ರಿಯೇ ಊರಿಗೆ ಫೋನು ಮಾಡಿ ಬೋರಿನ ನೀರಿನ ರಿಪೋರ್ಟು ಕಳಿಸಲು ಹೇಳಿದೆವು. ವಾರದೊಳಗೆ ಅದರ ಚಿತ್ರ ಬಂತು. ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ಲೋರೈಡ್, ಕಬ್ಬಿಣ, ಎಲ್ಲದರ ಮುಂದೆ ಅಂಕಿ, ಕೆಳಗೆ ಮೊಹರು. ಆರ್ಸೆನಿಕ್ಕಿಗೆ ಅಂಕಣ ಇರಲಿಲ್ಲ. ನಮ್ಮ ಕಡೆಯ ಕಲ್ಲಿನಲ್ಲಿ ಅದು ಇರುವ ಸಂಭವ ಕಡಿಮೆ ಎಂದು ಇಷ್ಟೆಲ್ಲ ಓದಿದ ಮೇಲೆ ನಮಗೂ ಗೊತ್ತು. ಪ್ರಯೋಗಶಾಲೆಯವರೂ ಅದನ್ನೇ ಹೇಳಿದರಂತೆ. ಆದರೂ ಬೇಕೆಂದರೆ ಬೇರೆ ಶುಲ್ಕ, ಬೇರೆ ಬಾಟಲಿ ಎಂದರಂತೆ. ತಮ್ಮನಿಗೆ ದುಡ್ಡು ಕಳಿಸಿದ್ದೇವೆ, ಹಬ್ಬ ಮುಗಿದ ಮೇಲೆ ಬಾಟಲಿ ತುಂಬಿಸಿ ಕೊಟ್ಟು ಬರುತ್ತಾನಂತೆ.